ಐದು ಏಟು

ನನ್ನ ಪಾಳಿ ಬರೂದ್ರಾಗ ಬ್ಯಾಂಡಿನ ಕಪಾಟು ಖಾಲಿ.
ತುತ್ತೂರಿ ತೌಫಿಕನ ಪಾಲಾಗಿತ್ತು,
ಕ್ಲಾರಿನೆಟ್ ಮೂರೂ ಒಂಬತ್ತನೇ ‘ಬ’ದ ಹುಡುಗ್ಯಾರಿಗೆ,
ಟ್ಯೂಬಾ ಭರತೇಶ ಅಲಾರವಾಡನ ಹೊಟ್ಟಿಗೆ ಆನಿಕೊಂಡು
ತಾನೂ ಒಬ್ಬ ಹುಡುಗನಂಗ ಕೂತಿತ್ತು.
ಉಳದಾವ್ರು ನಾನು, ಮತ್ತ ಮೂಲ್ಯಾಗ ಎರಡು ಜೇಡ.

“ನಿನಗ ಕಟಗಿ,” ಅಂದ್ರು ಸುಬೇದಾರ ಮಾಸ್ತರು.
ಎರಡು ಕಟಗಿ. ಗೇಣುದ್ದ. ಒಂದಕ್ಕೊಂದು ಬಡಿಯೂದು.
ಅಪ್ಪ ಖಡೇಬಜಾರದ ಸಂದ್ಯಾಗ ಹೊರಸಿನ ಕಾಲು ಕಡೆಯಾಂವ;
ಸೀಸಂದೊಂದು ಮುರಕ ಕಾಲು ಹುಡುಕಿ
ಲೇಥಿಗೆ ಹಚ್ಚಿ, ಎಣ್ಣಿ ಒರಸಿ ಕೊಟ್ಟ.
“ಇಷ್ಟs?” ಅಂದ.
“ಇದನ್ನ ಕಲಸಾಕ ಸಾಲಿ ಬೇಕಾತೇನು?”

ಹಾಳಿ ಬಂದ್ವು. ಮ್ಯಾಲಿನ ಹೆಸರು ಒಬ್ಬರಿಗೂ ಓದಾಕ ಬರಲಿಲ್ಲ.
ಸಮುದ್ರದ ಆಚೀಕಿನ ಊರಿಂದು, ಅಂದ್ರು ಮಾಸ್ತರು,
ಅಲ್ಲೂ ಕಬ್ಬು ಬೆಳೀತಾರಂತ,
ಅಲ್ಲೂ ಕಬ್ಬು ಕಡದ ಕೈ ಸಂಜೀಕ ಸುಮ್ಮ ಕೂಡೂದಿಲ್ಲಂತ.
ಎಲ್ಲಾರ ಹಾಳ್ಯಾಗ ಇರಿವಿ ಸಾಲು.
ನನ್ನದ್ರಾಗ ಐದs ಐದು ಚುಕ್ಕಿ,
ಮತ್ತ ಅವs, ಮತ್ತ ಅವs,
ನಾಕು ಹಾಳಿ ತುಂಬ.

ಮೂರು ವಾರ ತಪ್ಪಿದೆ.
ಕೈ ಎಡಾ-ಬಲಾ, ಎಡಾ-ಬಲಾ, ಸೀದಾ ಹೋಗತಿತ್ತು
ಪ್ರಾರ್ಥನಾಕ್ಕ ಹೊಂಟಂಗ.
ಕಡೀಕ ಮಾಸ್ತರು ಸ್ಟೂಲು ಎಳಕೊಂಡು ಕೂತ್ರು:
ಬೀಗರು ಬಂದಾರ ಅಂತ ತಿಳಕೋ.

ಬಾ—
        ಕೂಡು—
                ಉಣ್ಣು—

        ಚಾ    ಕುಡಿ.

ಉಣ್ಣುಗೂ ಚಾಕ್ಕೂ ನಡುವ ಐತಲ್ಲ ಖಾಲಿ ಜಾಗಾ,
ಅಲ್ಲಿ ಬೀಗರು
ಹೂಂ ಅನಬೇಕೋ ಬ್ಯಾಡ ಅನಬೇಕೋ ವಿಚಾರ ಮಾಡ್ತಾರ.
“ಆ ವಿಚಾರಕ್ಕ ಜಾಗಾ ಬಿಡು.
ಬಡಿಯೂದು ಯಾರಿಗೂ ಬರ್ತೈತಿ.”

ಅನಗೋಳದ ಬಸ್ಸಿನ್ಯಾಗ ತುಟಿಯೊಳಗs ಅನ್ಕೋತ ಹೊಂಟಿದ್ದೆ,
ಬಾ, ಕೂಡು—
ಮೆಂತೆ ಪಲ್ಲೆದ ಬುಟ್ಟಿ ಹಿಡದಾಕಿ ಒಬ್ಬಾಕಿ
ಖರೇನs ಬಂದು ಬಾಜೂಕ ಕೂತಳು.

ಸುಬೇದಾರ ಬಾಳೇಶ ಕಣಬರ್ಗಿ.
ಕ್ಯಾಂಪಿನ ಮೈದಾನದಾಗ ಮೂವತ್ತೊಂದು ವರ್ಷ.
ಅವರು ನಡದ್ರ ಈಗಲೂ
ರಸ್ತಾದಾಗಿನ ನಾಯಿ ಎದ್ದು ನಿಂದರತಾವ.
ಒಂದಿನ ತೌಫಿಕ ಕೇಳಿದ,
ಸರ್, ಇಂಥಾದು ಮಿಲ್ಟ್ರಿ ಬ್ಯಾಂಡಿನ್ಯಾಗ ಬಾರಸ್ತಿದ್ರ್ಯಾ?
ಕೈಯಾಗಿನ ಕೋಲು ಕೆಳಗಿಟ್ರು.
“ಕಾಲಿಗೆ ಬಾರಿಸೇನಿ ಮಗನs, ಮೂವತ್ತೊಂದು ವರ್ಷ.
ಸೊಂಟಕ್ಕ ಒಂದ ದಿನಾನೂ ಬಾರಿಸಿಲ್ಲ.”
ನಾವು ಬಿದ್ದು ಬಿದ್ದು ನಕ್ಕೆವು.
ಅವರು ನಗಲಿಲ್ಲ.

ಗ್ಯಾದರಿಂಗಿನ ಸಂಜಿ, ಹಲ್ಲು ಕಟಕಟಿಸೂ ಥಂಡಿ.
ತೌಫಿಕ ತುತ್ತೂರಿ ಬಾಯಿ ಅಂಗ್ಯಾಗ ಹುದುಗಿಸಿಕೊಂಡು ಕಾಸತಿದ್ದ.
ಮೊದಲ ಕ್ಲಾರಿನೆಟ್ ಒಂದು ಗೆರಿ ಮುಂಚೇನs ಓಡಿತು,
ಉಳದ ಎರಡು ಅಕ್ಕನ ಹಿಂದ ಓಡಿದ್ವು,
ಭರತೇಶ ಎಲ್ಲಿದೀವಿ ಅಂತ ತಿಳೀದs
ಹುಯ್ ಅಂತ ಒಂದು ಕೋಣ ಬಿಟ್ಟ.
ತುತ್ತೂರಿ ಮ್ಯಾಲಿನ ಸ್ವರಕ್ಕ ಹೋಗಿ ಒಡದು
ಹುಂಜ ಕೂಗಿದಂಗ ಆತು,
ಮಂದಿ ಅದಕ್ಕs ಚಪ್ಪಾಳಿ ಹೊಡದ್ರು.
ಅದೇ ಚಪ್ಪಾಳ್ಯಾಗ ಎಲ್ಲಾರೂ ಹೆಂಗೋ ಬಂದು ಕೂಡಿದ್ರು,
ನನ್ನ ಐದರ ಮ್ಯಾಲ
ಕಪ್ಪಿ ತಂತಿ ಮ್ಯಾಲ ಕೂತಂಗ, ಒಬ್ಬೊಬ್ರಾಗಿ.

ಗ್ವಾಡಿಗುಂಟ ಎನ್ಸಿಸಿ ಹುಡುಗೂರು, ಸಾವಧಾನ.
ಕಡೀಯವನ ಬಲಗಾಲ ಬೂಟು ಮಾತ್ರ
ತನ್ನ ಪಾಡಿಗೆ ಎಲ್ಲೋ ಹೊಂಟಿತ್ತು.

ಮಾಸ್ತರ ಬೆನ್ನು ಯಾವತ್ತಿನಂಗ, ಕಂಬ.
ನಾನು ಮುಂದಿನ ಸಾಲು, ಅವರ ಎಡಕ್ಕ, ಒಂದು ಮಾರು.
ಅವರ ನಡದಾಗ ಯಾವಾಗಲೂ ಕಪಾಟಿನ ಕೀಲಿ ಗೊಂಚಲಾ.
ಬಾ, ಕೂಡು, ಉಣ್ಣು—
ನಾ ಬಿಟ್ಟ ಜಾಗಾದಾಗ
ಝಣ್.

ಗಾಳಿ ಇರಬೇಕು.
ಆ ಜಾಗಾ ಮತ್ತ ಬಂತು.
ಮತ್ತ ಝಣ್.

ಮರುದಿನ ಹಾಳಿ ತಗದು ನೋಡಿದೆ,
ನಾಕೂ ಹಾಳಿ, ಹಿಂದs ಮುಂದs.
ಅಲ್ಲಿ ಏನೂ ಬರದಿದ್ದಿಲ್ಲ.